‘ಬಲ’ ಎಳೆದರೆ ‘ಬಾಲ’

ಕಲಬುರ್ಗಿ ಜಿಲ್ಲೆಯ ಕೊಡ್ಲಿ ಕಡೆಯ ಒಂದು ತಗಡಿನ ಪ್ರಾರ್ಥನಾ ಮಂದಿರ. ಭಾನುವಾರ ಹತ್ತೂವರೆಗೆ ಆರಾಧನೆ ಶುರುವಾಗಿತ್ತು. ಕ್ಯಾಸಿಯೊ ಮುಂದೆ ಇಪ್ಪತ್ತೆರಡರ ಹುಡುಗ, ಪಕ್ಕದಲ್ಲಿ ಪ್ಯಾಡ್ ಬಾರಿಸುವವನು, ಮೈಕು ಹಿಡಿದ ಇಬ್ಬರು ಹುಡುಗಿಯರು. ದೇವರ ಬಲವನ್ನು ಕೊಂಡಾಡುವ ಹಾಡು. ಧಾಟಿ ತೆಲುಗಿನದು. ಮೂಲದಲ್ಲಿ ಆ ಜಾಗದಲ್ಲಿ ದೀರ್ಘಾಕ್ಷರದ ಪದವೊಂದು ಕೂತಿತ್ತು; ಕನ್ನಡಕ್ಕೆ ತಂದವರು ಅಲ್ಲಿ ‘ಬಲ’ ಇಟ್ಟಿದ್ದರು. ತಾಳ ಎಳೆಯಿತು, ಬಾಯಿಯೂ ಎಳೆಯಿತು. ಮೂರನೆಯ ಸಲ ಪಲ್ಲವಿ ಬರುವಷ್ಟರಲ್ಲಿ ಇಡೀ ಸಭೆ ಕೈಯೆತ್ತಿ, ಕಣ್ಣು ಮುಚ್ಚಿ, ದೇವರ ‘ಬಾಲ’ವನ್ನು ಸ್ತುತಿಸುತ್ತಿತ್ತು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ; ಪಕ್ಕದಲ್ಲಿ ಕೂತ ಮುದುಕಿಯ ಕಣ್ಣಲ್ಲಿ ನೀರಿತ್ತು.

ಇಂಥ ಹಾಡನ್ನು ವಿಮರ್ಶಿಸುವವನಿಗೆ ಅಡ್ಡ ಬರುವುದು ಆ ನೀರೇ. ಅತ್ತದ್ದು ಸುಳ್ಳಲ್ಲವಾದರೆ ಹಾಡು ಕೆಟ್ಟದ್ದು ಎನ್ನುವುದು ಹೇಗೆ? ನಾನು ಆ ಸಭೆಯ ಸದಸ್ಯನಲ್ಲ. ಹಾಡು ಎಲ್ಲಿ ಕೇಳಿಸಿದರೂ ನಿಂತು ಕೇಳುವ ಚಟ ಇರುವವನು ಅಷ್ಟೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಡುವೆ ಓಡಾಡಿ ಈ ಆರಾಧನಾ ಹಾಡುಗಳನ್ನು ಕೇಳಿದಷ್ಟೂ ನನಗೆ ಅನ್ನಿಸಿದ್ದು ಒಂದೇ. ಇಲ್ಲಿಯ ಹಾಡಿನ ಕನ್ನಡ ಕೆಟ್ಟಿರುವುದಕ್ಕೂ ಹಾಡುವವನಿಗೆ ಕೂಲಿ ಇಲ್ಲದಿರುವುದಕ್ಕೂ ನೇರ ಸಂಬಂಧ ಇದೆ. ಜನ ಮೊದಲನೆಯದನ್ನು ಹೇಳಿ ಮುಸಿಮುಸಿ ನಗುತ್ತಾರೆ, ಎರಡನೆಯದರ ಮಾತೇ ಎತ್ತುವುದಿಲ್ಲ.

ಮೊದಲು ಭಾಷೆಯ ಮಾತು. ಕನ್ನಡದಲ್ಲಿ ಹ್ರಸ್ವ ದೀರ್ಘ ಎಂಬುದು ಉಚ್ಚಾರದ ಚೆಂದಕ್ಕೆ ಇರುವುದಲ್ಲ. ‘ವರ’ ಎಳೆದರೆ ‘ವಾರ’, ‘ಮನ’ ಎಳೆದರೆ ‘ಮಾನ’. ಇಂಗ್ಲಿಷ್ ಪದ್ಯ ಒತ್ತಿನ ಮೇಲೆ ನಡೆಯುತ್ತದೆ, ಸ್ವರವನ್ನು ಜಗ್ಗಿದರೂ ಪದ ಬಹಳ ಸಲ ಉಳಿದುಕೊಳ್ಳುತ್ತದೆ. ನಮ್ಮಲ್ಲಿ ಮಾತ್ರೆ ತಪ್ಪಿತೋ ಮಾತೇ ತಪ್ಪಿತು. ದಾಸರ ಪದ ಹಾಡುವವರೂ ಹ್ರಸ್ವವನ್ನು ಎಳೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಎಳೆಯುತ್ತಾರೆ, ಆದರೆ ಬಲ್ಲವರು ಪದವನ್ನು ಆಡಿ ಮುಗಿಸಿ ಕೊನೆಯ ಸ್ವರದ ಮೇಲೆ ಆಟ ಆಡುತ್ತಾರೆ, ನಡು ಮುರಿಯುವುದಿಲ್ಲ.

ಇದು ತಿಳಿದ ಕ್ರೈಸ್ತರು ಕನ್ನಡದಲ್ಲಿ ಆಗಿಹೋಗಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡ ಪದ ತುಂಬಿ ಹಾಡಿಸಿದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಬೇರೆ ದಾರಿ ಹಿಡಿದರು. 1862ರ ಅವರ ‘ಕಥಾಮಾಲೆ’ ಯೇಸುವಿನ ಬದುಕನ್ನು ಇಲ್ಲಿಯ ಛಂದಸ್ಸಿನಲ್ಲೇ ಹೇಳಿನೋಡಿದ ಪುಸ್ತಕ. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ನಾವೆಲ್ಲ ಕಣ್ಣಿಗೊತ್ತಿಕೊಳ್ಳುವ ನಿಘಂಟು ಬಂದದ್ದು 1894ರಲ್ಲಿ. ಅಂದರೆ ನಿಘಂಟಿಗೆ ಮೂವತ್ತೆರಡು ವರ್ಷ ಮೊದಲೇ ಅವರು ಹಾಡಿನ ಮಾತ್ರೆ ಎಣಿಸುತ್ತಿದ್ದರು. ಇನ್ನೂ ಹಿಂದಕ್ಕೆ ಹೋಗುವುದಾದರೆ, ಯಾವ ಪ್ರಯೋಗ ಕನ್ನಡ ಕಾವ್ಯಕ್ಕೆ ದೋಷ ಎಂದು ವಿಚಾರಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಆ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಈಗ ಅಲ್ಲಿ ಸಿಮೆಂಟಿನ ಧೂಳು.

ಆದರೆ ಸೇಡಂ ಸೀಮೆಗೆ ಮಂಗಳೂರು ದೂರ, ಹೈದರಾಬಾದು ಹತ್ತಿರ. 1948ರವರೆಗೆ ನಿಜಾಮನ ನಾಡು, ಮೈಸೂರಿಗೆ ಕೂಡಿದ್ದು 1956ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಓಡಿದ ರೈಲಿನ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಧಾರೂರು ದಾಟಿ ವಿಕಾರಾಬಾದಿಗೆ ಹೋಗುತ್ತದೆ. ಇಲ್ಲಿಯ ಕ್ರೈಸ್ತ ಹಾಡು ಓಡಾಡಿದ್ದೂ ಇದೇ ಹಳಿಯ ಮೇಲೆ. ಬೀದರ, ಕಲಬುರ್ಗಿ, ವಿಕಾರಾಬಾದುಗಳಲ್ಲಿ ಕೆಲಸ ಮಾಡಿದ ಅಮೆರಿಕದ ಮೆಥೋಡಿಸ್ಟರಿಗೆ ಕನ್ನಡ, ತೆಲುಗು ಎಂಬ ಗಡಿ ಗಟ್ಟಿಯಾಗಿರಲಿಲ್ಲ. ಧಾರೂರಿನಲ್ಲಿ ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟರ ದೊಡ್ಡ ಕೂಟ ಸೇರುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ‘ಜಾತ್ರೆ’. ಈ ಭಾಗದ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಹೊಲದಲ್ಲಿ ಗುಡಾರ ಹೂಡಿ, ದಿನಗಟ್ಟಲೆ ಹಾಡಿ ಬರುತ್ತಾರೆ. ನೂರು ವರ್ಷದ ಆಚೀಚೆಯ ಈ ಜಾತ್ರೆಯಿಂದ ಬಂದಷ್ಟು ಹಾಡು ಈ ಸೀಮೆಗೆ ಯಾವ ಅಚ್ಚಾದ ಸಂಗೀತ ಪುಸ್ತಕದಿಂದಲೂ ಬಂದಿರಲಾರದು.

ತೆಲುಗಿನಲ್ಲಿ ಕ್ರೈಸ್ತ ಕೀರ್ತನೆ ಬಲು ಹಿಂದೆಯೇ ಸ್ವಂತ ಕಾಲ ಮೇಲೆ ನಿಂತಿತ್ತು. ಪುರುಷೋತ್ತಮ ಚೌಧರಿ ಹುಟ್ಟಿದ್ದು 1803ರಲ್ಲಿ. ರಾಗ ತಾಳ ಹೇಳಿ ಕೀರ್ತನೆ ಕಟ್ಟಿದವರು ಅವರು, ಧಾಟಿ ಹುಡುಕಿಕೊಂಡು ಲಂಡನ್ನಿಗೆ ಹೋಗಲಿಲ್ಲ. 1950ರಲ್ಲಿ ಬಖ್ತ್ ಸಿಂಗ್ ಹೈದರಾಬಾದಿನಲ್ಲಿ ಹೆಬ್ರೋನ್ ಸಭೆ ಶುರು ಮಾಡಿದ ಮೇಲೆ ಅಲ್ಲಿಯ ಸೀಯೋನ್ ಗೀತೆಗಳು ಹಲವು ಭಾಷೆಗಳಿಗೆ ಹರಡಿದವು. 1978ರಲ್ಲಿ ‘ಕರುಣಾಮಯುಡು’ ಸಿನಿಮಾ ಬಂತು. ಅದನ್ನು ಹಳ್ಳಿಹಳ್ಳಿಗೆ ಒಯ್ದು ಬಿಳಿ ಬಟ್ಟೆಯ ಮೇಲೆ ತೋರಿಸಿದರು. ಆಮೇಲೆ ಕ್ಯಾಸೆಟ್ಟು, ಸೀಡಿ, ಈಗ ಗುಂಟೂರಿನ ಹೊಸನ್ನಾ ಮಿನಿಸ್ಟ್ರೀಸಿನಂಥವರು ವರ್ಷಕ್ಕೊಂದರಂತೆ ಬಿಡುವ ಹೊಸ ಹಾಡುಗಳು. ತಮಿಳಿನಿಂದ ಫಾದರ್ ಬರ್ಕ್‌ಮನ್ಸರ ಧಾಟಿಗಳು ಬೆಂಗಳೂರಿನ ದಾರಿಯಾಗಿ ಬರುತ್ತವೆ. ಸಿಡ್ನಿಯ ಹಿಲ್‌ಸಾಂಗ್ ಹಾಡೂ ಬರುತ್ತದೆ, ಆದರೆ ಅದು ಬಹಳ ಸಲ ತೆಲುಗಿನ ಅಂಗಿ ತೊಟ್ಟೇ ಸೇಡಂ ಸ್ಟೇಷನ್ನಿನಲ್ಲಿ ಇಳಿಯುತ್ತದೆ.

ತೆಲುಗಿನಿಂದ ಕನ್ನಡಕ್ಕೆ ತರುವುದು ಸುಲಭ ಎಂಬುದೇ ಅಪಾಯ. ಅರ್ಧ ಪದಗಳು ಸಂಸ್ಕೃತದವು, ಹಾಗೇ ಎತ್ತಿ ಇಟ್ಟರಾಯಿತು ಎನ್ನಿಸುತ್ತದೆ. ತೆಲುಗು ಕ್ರೈಸ್ತರಲ್ಲಿ ‘ಆತ್ಮೀಯ ಜೀವಿತ’ ಎಂದರೆ ಆತ್ಮಕ್ಕೆ ಸಂಬಂಧಿಸಿದ ಬದುಕು. ನಮ್ಮಲ್ಲಿ ಆತ್ಮೀಯ ಎಂದರೆ ಬೇಕಾದವನು, ಮದುವೆಗೆ ಕರೆಯಲೇಬೇಕಾದ ಗೆಳೆಯ. ಅವರಲ್ಲಿ ‘ಸಹವಾಸ’ ಎಂದರೆ ವಿಶ್ವಾಸಿಗಳ ಒಡನಾಟ, ದೇವರ ಸಂಗಡದ ಒಡನಾಟ. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ‘ಅನ್ಯೋನ್ಯತೆ’ ಎಂಬ ಚೆಂದದ ಪದ ಇದೆ. ಹಾಡಿನಲ್ಲಿ ಮಾತ್ರ ‘ನಿನ್ನ ಸಹವಾಸ’ ಎಂದು ಬರುತ್ತದೆ, ಕೇಳಿದ ಕೂಡಲೇ ನನಗೆ ‘ಅವನ ಸಹವಾಸ ಬ್ಯಾಡಪ್ಪೋ’ ಎನ್ನುವ ನಮ್ಮವ್ವನ ದನಿ ನೆನಪಾಗುತ್ತದೆ. ಹೀಗೆ ಬಂದ ಕನ್ನಡ ಸೇಡಂನದೂ ಅಲ್ಲ, ಮೈಸೂರಿನದೂ ಅಲ್ಲ. ಮನೆಯಲ್ಲಿ ‘ಹೋಗ್ಲಕತ್ತೀನಿ’ ಎನ್ನುವ ಹುಡುಗಿ ಮೈಕಿನಲ್ಲಿ ‘ಹೋಗುತ್ತಿರುವೆನು’ ಎಂದು ಹಾಡುತ್ತಾಳೆ.

ಪಕ್ಕದಲ್ಲೇ ಇನ್ನೊಂದು ಕನ್ನಡ ಇದೆ. ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಹೊತ್ತು. ಅವತ್ತು ಒಬ್ಬ ಹೆಂಗಸು ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ‘ಖಣಿಯಾಗ ಕಲ್ಲ ಜಾರಿ ಕಾಲಮ್ಯಾಲ ಬೀಳೂದಿತ್ತು, ಯಾರೋ ಜಗ್ಗಿದಂಗಾತು ನೋಡ್ರಿ, ಹಿಂದ ತಿರುಗಿ ನೋಡ್ತೀನಿ, ಯಾರೂ ಇಲ್ಲ’ ಎಂದಳು. ಸಭೆಯೆಲ್ಲ ಸುಮ್ಮನಾಯಿತು. ಎರಡೇ ಮಾತು, ಒಂದೂ ದಂಡವಿಲ್ಲ. ಅದಾದ ಮೇಲೆ ಬಂದ ಹಾಡಿನಲ್ಲಿ ಲೆಬನೋನಿನ ದೇವದಾರು ಇತ್ತು, ಸಮುದ್ರ ಇತ್ತು, ಮರಳುಗಾಡು ಇತ್ತು. ತೊಗರಿ ಇರಲಿಲ್ಲ, ಫರಸಿ ಕಲ್ಲು ಇರಲಿಲ್ಲ.

ಫರಸಿಯ ಮಾತಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೀರ್ತನೆಗಳ ಗ್ರಂಥದಲ್ಲಿ ದೇವರನ್ನು ಬಂಡೆ ಎಂದು ಕರೆಯುವುದು ಮತ್ತೆ ಮತ್ತೆ ಬರುತ್ತದೆ. ಆಸರೆ ಕೊಡುವ, ಅಲುಗದ ಬಂಡೆ. ಆರಾಧನಾ ಹಾಡುಗಳಲ್ಲೂ ಅದು ಮಾಮೂಲು ಪದ. ಆದರೆ ಶಹಾಬಾದ, ಚಿತ್ತಾಪುರ, ಸೇಡಂಗಳಲ್ಲಿ ಬಂಡೆ ಎಂದರೆ ದಿನಗೂಲಿ. ಹಾರೆ ಹಾಕಿ ಪದರು ಪದರಾಗಿ ಎಬ್ಬಿಸುವುದು, ಬೆನ್ನಿಗೆ ಹೊರುವುದು, ಕೆಮ್ಮುವುದು. ತನ್ನ ಕೈಯಾರೆ ಬಂಡೆ ಒಡೆಯುವವಳು ದೇವರನ್ನು ‘ನನ್ನ ಬಂಡೆ’ ಎಂದಾಗ ಅವಳ ಮನಸ್ಸಿನಲ್ಲಿ ಏನು ಹಾದುಹೋಗುತ್ತದೆ? ಅಲುಗದ್ದೋ, ಅಲುಗಿಸಿ ಅಲುಗಿಸಿ ತಾನೇ ಸವೆದದ್ದೋ? ಈ ಸೀಮೆಯ ಹೊರತು ಬೇರೆ ಎಲ್ಲೂ ಹುಟ್ಟಲಾರದ ಒಂದು ಹಾಡು ಈ ಪ್ರಶ್ನೆಯೊಳಗೆ ಇದೆ. ಅದನ್ನು ಬರೆದದ್ದು ನಾನು ಕೇಳಿಲ್ಲ. ಪಕ್ಕದ ಕೇರಿಯಲ್ಲೇ ರಾತ್ರಿಯಿಡೀ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಕಡಕೋಳ ಮಡಿವಾಳಪ್ಪನ ಪರಂಪರೆಯ ಆ ಪದಗಳಲ್ಲಿ ಬೀಸುವ ಕಲ್ಲು, ಒಲೆ, ಹೊಲ, ಎತ್ತು ಎಲ್ಲ ಅಧ್ಯಾತ್ಮದ ಮಾತಾಗಿವೆ. ಗೋಡೆ ಒಂದೇ ಇಟ್ಟಿಗೆಯದು. ಆಚೆಯ ಹಾಡು ಈಚೆಗೆ ಕೇಳಿಸುತ್ತದೆ, ಆದರೂ ದಾಟುವುದಿಲ್ಲ.

ಯಾಕೆ ಬರೆಯುವುದಿಲ್ಲ ಎಂದು ಕ್ಯಾಸಿಯೊ ಹುಡುಗನನ್ನೇ ಕೇಳಿದೆ. (ಅದು ಕ್ಯಾಸಿಯೊ ಅಲ್ಲ, ಯಮಹಾ ಕಂಪನಿಯವರು ತಬಲಾ, ಢೋಲಕಿನ ತಾಳ ತುಂಬಿ ನಮ್ಮ ದೇಶಕ್ಕೆಂದೇ ತಂದ ಪಿಎಸ್‌ಆರ್-ಐ ಸರಣಿಯದು. ನಮ್ಮಲ್ಲಿ ಎಲ್ಲ ಕೀಬೋರ್ಡೂ ಕ್ಯಾಸಿಯೊ.) ಅವನು ಹೇಳಿದ್ದು: ‘ಬರೀಲಾಕ ಬರ್ತದ್ರೀ ಸರ್. ಆದ್ರ ಟ್ರ್ಯಾಕ್ ಮಾಡ್ಸಲಾಕ ರೊಕ್ಕ ಬೇಕು. ಅವರ ಟ್ರ್ಯಾಕ್ ಪುಗಸಟ್ಟಿ ಸಿಗ್ತದ, ಅದರಮ್ಯಾಲ ಹಾಡಿಬಿಡ್ತೀವಿ.’

ನಾನು ಇಷ್ಟು ದಿನ ಭಾಷೆಯ ರೋಗ ಅಂದುಕೊಂಡದ್ದಕ್ಕೆ ಅವನು ಒಂದೇ ಮಾತಿನಲ್ಲಿ ಲೆಕ್ಕ ಬರೆದುಕೊಟ್ಟ. ಹೊಸ ಹಾಡು ಎಂದರೆ ರಾಗ ಕೂರಿಸುವವನಿಗೆ, ವಾದ್ಯ ಜೋಡಿಸುವವನಿಗೆ, ಕಲಬುರ್ಗಿಯಲ್ಲೋ ಹೈದರಾಬಾದಿನಲ್ಲೋ ಸ್ಟುಡಿಯೊದವನಿಗೆ, ಮಿಕ್ಸಿಂಗಿಗೆ, ವೀಡಿಯೊಕ್ಕೆ ಕೊಡಬೇಕು. ತಯಾರಾದ ಟ್ರ್ಯಾಕು ಮೊಬೈಲಿನಲ್ಲೇ ಇದೆ. ಆದರೆ ಅದರ ಅಳತೆ ತೆಲುಗು ಪದಕ್ಕೆ ಹೊಲಿದದ್ದು. ಕನ್ನಡ ಪದ ಅದರೊಳಗೆ ಇಳಿಯಬೇಕಾದರೆ ಎಲ್ಲೋ ಒಂದು ಕಡೆ ಮೈ ಮುರಿಯಲೇಬೇಕು. ‘ಬಲ’ ‘ಬಾಲ’ವಾಗುವುದು ಹುಡುಗನ ಅಜ್ಞಾನದಿಂದಲ್ಲ, ಇನ್ನೊಬ್ಬರ ಅಂಗಿ ತೊಟ್ಟದ್ದರಿಂದ.

ಅವನ ವಾರ ಹೀಗೆ. ಸೋಮವಾರದಿಂದ ಶನಿವಾರದವರೆಗೆ ಕಲ್ಲು ಪಾಲಿಶ್ ಮಾಡುವ ಮಷೀನು. ಶುಕ್ರವಾರ ಉಪವಾಸ ಕೂಟ, ಶನಿವಾರ ಸಂಜೆ ಪ್ರಾಕ್ಟೀಸು, ಭಾನುವಾರ ಎರಡು ಸಭೆ. ರಾಶಿ ಮುಗಿದ ಮೇಲೆ ಊರೂರಿನಲ್ಲಿ ಉಜ್ಜೀವನ ಕೂಟ. ಟಂಟಂನಲ್ಲಿ ಕೀಬೋರ್ಡ್ ಹೇರಿಕೊಂಡು ಹೋಗಿ ರಾತ್ರಿ ಒಂದಕ್ಕೆ ತಿರುಗಿ ಬರುವುದು. ಕೈಗೆ ಬರುವುದು ಒಂದು ಲಕೋಟೆ, ಪೆಟ್ರೋಲಿಗಿಂತ ತುಸು ಹೆಚ್ಚು, ಕೆಲವು ಸಲ ಒಂದು ಶಾಲು. ಮದುವೆ ಆರ್ಕೆಸ್ಟ್ರಾಕ್ಕೆ, ಗಣಪತಿ ಮುಂದಿನ ರಸಮಂಜರಿಗೆ ಹೋದರೆ ಒಂದೇ ರಾತ್ರಿಯಲ್ಲಿ ಅದರ ಎಷ್ಟೋ ಪಟ್ಟು ಸಿಗುತ್ತದೆ. ಹೋಗುವಂತಿಲ್ಲ. ಅದು ‘ಲೋಕದ ಹಾಡು’. ಸಭಾಪಾಲಕರು ಬೈಯುವುದಿಲ್ಲ, ಮುಂದಿನ ವಾರ ಕ್ಯಾಸಿಯೊ ಮುಂದೆ ಬೇರೆ ಹುಡುಗ ಕೂತಿರುತ್ತಾನೆ ಅಷ್ಟೆ. ಸೇವೆ ಎಂಬ ಪದ ಇಲ್ಲಿ ಬಹಳ ಕೆಲಸ ಮಾಡುತ್ತದೆ. ದೇವರ ಸೇವೆಗೆ ಕೂಲಿ ಕೇಳುವುದುಂಟೆ? ಕೇಳುವುದಿಲ್ಲ. ಆದರೆ ಸ್ಪೀಕರ್ ಬಾಡಿಗೆಯವನು ಕೇಳುತ್ತಾನೆ, ಶಾಮಿಯಾನದವನು ಕೇಳುತ್ತಾನೆ, ಇಬ್ಬರಿಗೂ ಎಣಿಸಿ ಕೊಡುತ್ತಾರೆ.

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಇದು ಹೀಗಿಲ್ಲ. ‘ಕೊಂಕಣ ಕೋಗುಳ್’ ಎಂದು ಜನ ಕರೆದ ವಿಲ್ಫಿ ರೆಬಿಂಬಸ್ (1942–2010) ಚರ್ಚಿಗೂ ಹಾಡು ಕಟ್ಟಿದರು, ಪ್ರೇಮಕ್ಕೂ ಕಟ್ಟಿದರು, ಅವರ ‘ವಿಲ್ಫಿ ನೈಟ್’ಗೆ ಜನ ಟಿಕೆಟ್ ಕೊಂಡು ಬಂದರು. ಮಾಂಡ್ ಸೊಭಾಣ್ 1986ರಿಂದ ಕೊಂಕಣಿ ಹಾಡನ್ನೇ ಒಂದು ಚಳವಳಿ ಮಾಡಿತು. 2008ರಲ್ಲಿ ನಲವತ್ತು ಗಂಟೆ ಬಿಡದೆ ಹಾಡಿ ಗಿನ್ನೆಸ್ ದಾಖಲೆಗೆ ಸೇರಿತು. ಹಾಡುಗಾರನ ಒಂದು ಕಾಲು ಚರ್ಚಿನೊಳಗೆ, ಇನ್ನೊಂದು ಕಾಲು ಬೀದಿಯಲ್ಲಿ, ಯಾರೂ ಪಾಪ ಎನ್ನಲಿಲ್ಲ. ಅವನ ಸ್ತುತಿಗೀತೆಯ ಕೊಂಕಣಿ ಜೀವಂತ ಇರುವುದಕ್ಕೆ ಅವನ ಪ್ರೇಮಗೀತೆ ಕಾರಣ ಎಂದು ನಾನು ನಂಬುತ್ತೇನೆ. ಅದೂ ಅಲ್ಲದೆ ಅಲ್ಲಿ ಕೊಳ್ಳುವ ಜನ ಇದ್ದರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 1.87, ಅವರಲ್ಲಿ ದೊಡ್ಡ ಪಾಲು ಬೆಂಗಳೂರು ಮತ್ತು ಕರಾವಳಿಯಲ್ಲಿ. ಸೇಡಂನ ಹಾಡುಗಾರನಿಗೆ ಯಾವ ಟಿಕೆಟ್ಟು, ಯಾರ ಕೈಗೆ ಮಾರಬೇಕು?

ಆಚೆಯ ಲೋಕದಲ್ಲಿ ಈ ಹಾಡು ದೊಡ್ಡ ವ್ಯಾಪಾರ. 1988ರಲ್ಲಿ ಅಮೆರಿಕದಲ್ಲಿ ಸಿಸಿಎಲ್‌ಐ ಎಂಬ ಲೈಸೆನ್ಸ್ ಸಂಸ್ಥೆ ಹುಟ್ಟಿತು. ಸಭೆ ವರ್ಷಕ್ಕಿಷ್ಟು ಕಟ್ಟುತ್ತದೆ, ಹಾಡಿದ ಹಾಡಿನ ಲೆಕ್ಕ ಹಿಡಿದು ಬರೆದವನಿಗೆ ದುಡ್ಡು ಹೋಗುತ್ತದೆ. ಅದರ ಫಲವೂ ಚೆಂದದ್ದೇನಲ್ಲ. 2010ರಿಂದ 2020ರವರೆಗೆ, ಸಭೆಗಳು ಹೆಚ್ಚು ಹಾಡುವ ಹಾಡುಗಳ ಪಟ್ಟಿಗಳಲ್ಲಿ ಮೇಲುಸಾಲಿಗೆ ಏರಿದ 38 ಹಾಡುಗಳಲ್ಲಿ 36 ನಾಲ್ಕೇ ದೊಡ್ಡ ಸಭೆಗಳ ನಂಟಿನವು ಎಂದು 2023ರಲ್ಲಿ ಸಂಶೋಧಕರು ಎಣಿಸಿ ತೋರಿಸಿದರು. ಹಿಂದೆ ಹೀಗಿರಲಿಲ್ಲ, ಬೇರೆ ಥರ ಕೆಟ್ಟದಿತ್ತು. ಎಂಟು ಸಾವಿರಕ್ಕೂ ಹೆಚ್ಚು ಸ್ತುತಿಗೀತೆ ಬರೆದ ಕುರುಡಿ ಫ್ಯಾನಿ ಕ್ರಾಸ್ಬಿಗೆ ಪ್ರಕಾಶಕರು ಹಾಡಿಗೆ ಒಂದೋ ಎರಡೋ ಡಾಲರು ಕೊಟ್ಟು ಹಕ್ಕೆಲ್ಲ ತಮ್ಮಲ್ಲೇ ಇಟ್ಟುಕೊಂಡರು. ನಮ್ಮ ಕಾಲದವನು ರಿಚ್ ಮಲಿನ್ಸ್; ಹಾಡಿನ ದುಡ್ಡನ್ನೆಲ್ಲ ಸಭೆಯ ಹಿರಿಯರ ಕೈಗೆ ಬಿಟ್ಟು, ಸಾಮಾನ್ಯ ಅಮೆರಿಕದವನ ಸರಾಸರಿ ಸಂಬಳ ಮಾತ್ರ ತನಗೆ ಸಾಕು ಎಂದ. 1997ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ. ಪ್ರವಚನಗಳಲ್ಲಿ ಹೇಳುವುದಕ್ಕೆ ಲಾಯಕ್ಕಾದ ಕಥೆ. ನನಗೆ ಮಾತ್ರ ಕ್ಯಾಸಿಯೊ ಹುಡುಗನ ಪಾಲಿಶ್ ಮಷೀನು ನೆನಪಾಗುತ್ತದೆ. ಬಿಡುವುದಕ್ಕೆ ಮೊದಲು ಬರಬೇಕಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ನಿಜವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಭಾನುವಾರದ ಸಭೆಯಲ್ಲಿ ಯಾರ ಹಾಡನ್ನು ಬೇಕಾದರೂ ಹಾಡಬಹುದು. ಆದರೆ ಅದನ್ನೇ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದೊಡನೆ ಕಥೆ ಬದಲಾಗುತ್ತದೆ. ಅನುವಾದದ ಹಕ್ಕೂ ಮೂಲದವನದೇ. ಎರವಲು ಟ್ರ್ಯಾಕಿನ ಮೇಲೆ ಹಾಡಿದ ಕನ್ನಡ ಹಾಡಿಗೆ ಲಕ್ಷ ಜನ ನೋಡುಗರು ಬಂದರೂ ಜಾಹೀರಾತಿನ ಕಾಸನ್ನು ಟ್ರ್ಯಾಕಿನ ಒಡೆಯ ಕೇಳಿ ಪಡೆಯಬಹುದು. 2012ರ ತಿದ್ದುಪಡಿ ಹಾಡು ಬರೆದವರಿಗೂ ಧಾಟಿ ಹಾಕಿದವರಿಗೂ ರಾಯಲ್ಟಿಯ ಹಕ್ಕನ್ನು ಗಟ್ಟಿ ಮಾಡಿತು. ಬರೆದವರಿಗೆ, ಎರವಲು ತಂದವರಿಗಲ್ಲ. ಪುಗಸಟ್ಟೆ ಸಿಕ್ಕ ಟ್ರ್ಯಾಕು ಹೀಗೆ ಎರಡು ಸಲ ತುಟ್ಟಿಯಾಗುತ್ತದೆ, ಒಮ್ಮೆ ಮಾತಿಗೆ, ಒಮ್ಮೆ ದುಡ್ಡಿಗೆ.

ಹಾಡುಗಾರನ ಹೆಸರಿನದೂ ಒಂದು ಕಥೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತನಾದ ದಲಿತನನ್ನು ಪರಿಶಿಷ್ಟ ಜಾತಿಯವನೆಂದು ಒಪ್ಪುವುದಿಲ್ಲ. ಹಾಗಾಗಿ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಇನ್ನೊಂದು ಇರುವ ಮನೆಗಳು ಈ ದೇಶದಲ್ಲಿ ಎಲ್ಲ ಕಡೆ ಇವೆ. ಹಾಡಿನ ಕೆಳಗೆ ಯಾವ ಹೆಸರು ಹಾಕಬೇಕು? ‘ಬ್ರದರ್’ ಎಂದು ಬರೆದು ಅರ್ಧ ಹೆಸರು ಬಿಟ್ಟ ಎಷ್ಟೋ ವೀಡಿಯೊ ನೋಡಿದಾಗ ನಾನು ಮೊದಲು ಅದನ್ನು ವಿನಯ ಎಂದುಕೊಂಡಿದ್ದೆ. ಹೆಸರು ಹಾಕಲಾರದವನು ಹಾಡಿನ ಒಡೆಯ ಎಂದು ಎಲ್ಲಿ ಹೋಗಿ ಅರ್ಜಿ ಕೊಟ್ಟಾನು?

ಹುಡುಗಿಯರ ಕಥೆ ಇನ್ನೂ ಮೊಟಕು. ಸಭೆಯ ದನಿಯೆಲ್ಲ ಅವರದು, ವಾದ್ಯವೆಲ್ಲ ಹುಡುಗರದು. ಕೊಡ್ಲಿಯಲ್ಲಿ ಅವತ್ತು ಹಾಡಿದ ಹುಡುಗಿಯ ದನಿಯಲ್ಲಿ ಒಂದು ಒರಟು ಇತ್ತು, ಬಿಸಿಲಲ್ಲಿ ಒಣಗಿದ ದನಿ. ರಿಕಾರ್ಡಿನಲ್ಲಿ ಅದನ್ನು ಯಂತ್ರ ಹಾಕಿ ನುಣುಪು ಮಾಡುತ್ತಾರೆ, ಹಾಳು ಮಾಡುತ್ತಾರೆ. ಅವಳಿಗೆ ಮದುವೆ ಗೊತ್ತಾಗಿದೆಯಂತೆ. ಗಂಡನ ಊರಿನ ಸಭೆಯಲ್ಲಿ ಮೈಕು ಸಿಕ್ಕರೆ ಸಿಕ್ಕಿತು.

ಇನ್ನು ಹಲಗಿ. ಪಟ್ಟಣದ ಸಂಸ್ಕೃತಿ ಪ್ರೇಮಿಗಳು ಈ ಸಭೆಗಳಿಗೆ ಹೋಗಿ ಬಂದು ಹೇಳುವ ಒಂದು ಮಾತಿದೆ: ಕ್ಯಾಸಿಯೊ ಯಾಕೆ, ನಿಮ್ಮದೇ ಹಲಗಿ ಇಲ್ಲವೇ? ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಇಲ್ಲಿಯ ಕ್ರೈಸ್ತ ಕುಟುಂಬಗಳಲ್ಲಿ ಬಹಳಷ್ಟು ದಲಿತ ಕೇರಿಗಳಿಂದ ಬಂದವು. ಸಾವಿಗೆ, ದೇವಿಯ ಜಾತ್ರೆಗೆ, ಗೌಡರ ಮನೆಯ ಮೆರವಣಿಗೆಗೆ ಹಲಗಿ ಬಾರಿಸುವುದು ಅವರ ಅಜ್ಜಂದಿರಿಗೆ ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಬಾರಿಸಿದ ಮೇಲೆ ದೂರ ನಿಂತು ಜೋಳ ಇಸಿದುಕೊಳ್ಳಬೇಕಿತ್ತು. ದಲಿತ ಚಳವಳಿಯವರೂ ಅದನ್ನು ಕೆಳಗಿಡಿ ಎಂದವರೇ. ಮಗ ಕ್ಯಾಸಿಯೊ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗ ಅವನ ತಂದೆ ಏನು ಕಾಣುತ್ತಾನೆ ಎಂಬುದನ್ನು ಅರಿಯದೆ ‘ದೇಸಿ’ ಎಂದು ಬೋಧಿಸುವುದು ಸುಲಭ. ವಾದ್ಯದ ವಿಷಯದಲ್ಲಿ ನಾನು ಪೂರ್ತಿ ಹುಡುಗರ ಕಡೆ.

ಆದರೆ ಹಲಗಿ ಹೋಗಲಿಲ್ಲ. ರೋಲ್ಯಾಂಡ್ ಕಂಪನಿ ಮಾಡುವ ಆಕ್ಟೋಪ್ಯಾಡಿನಲ್ಲಿ ಎಂಟು ಚೌಕ; ಯಾವುದಕ್ಕೆ ಯಾವ ದನಿ ಬೇಕೋ ತುಂಬಿಕೊಳ್ಳಬಹುದು. ಕ್ರಿಸ್‌ಮಸ್ ಹಾಡು ಬಂದಾಗ ಪ್ಯಾಡಿನವನು ಒಂದು ಗುಂಡಿ ಒತ್ತಿದ. ಹೈದರಾಬಾದಿನ ತೀನ್‌ಮಾರ್ ಬಡಿತ, ದಪ್ಪಿನ ದನಿ, ಅಂದರೆ ನಮ್ಮ ಹಲಗಿಯ ಅಣ್ಣ. ಚರ್ಮ ಮುಟ್ಟದೆ, ಬೆಂಕಿಗೆ ಕಾಯಿಸದೆ, ರಬ್ಬರಿನ ಮೇಲೆ ಎರಡು ಕೋಲು. ಅಲ್ಲಿಯವರೆಗೆ ಕೈ ಕಟ್ಟಿ ಕೂತಿದ್ದ ಗಂಡಸರು ಎದ್ದರು. ಅವತ್ತು ನಾನು ಕೇಳಿದ ಅತ್ಯುತ್ತಮ ಸಂಗೀತ ಅದು. ಯಾವ ಅನುವಾದಕನೂ ತಿಳಿಯದ ಅನುವಾದ.

ವಾದ್ಯವೇ ಬೇಡ ಎಂದು ನೋಡಿದವರೂ ಇದ್ದಾರೆ. ಬ್ರಿಟನ್ನಿನ ವಾಟ್‌ಫರ್ಡಿನಲ್ಲಿ ಮ್ಯಾಟ್ ರೆಡ್‌ಮನ್ ಎಂಬ ಹೆಸರಾಂತ ಹಾಡುಗಾರ ಇದ್ದ ಸಭೆಯಲ್ಲಿ 1990ರ ದಶಕದ ಕೊನೆಗೆ ಪಾದ್ರಿ ಕೆಲವು ಕಾಲ ಸೌಂಡ್ ಸಿಸ್ಟಮ್ಮನ್ನೂ ವಾದ್ಯಗಳನ್ನೂ ಎತ್ತಿಸಿಬಿಟ್ಟರಂತೆ, ಬರೀ ಬಾಯಿಂದ ಹಾಡೋಣ, ಏನು ಉಳಿಯುತ್ತದೆ ನೋಡೋಣ ಎಂದು. ಅದರಿಂದ ಒಂದು ಹಾಡು ಹುಟ್ಟಿ ಲೋಕವೆಲ್ಲ ಹರಡಿತು. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1761ರಲ್ಲೇ ಹಾಡುವವರಿಗೆ ಸೂಚನೆ ಬರೆದು ಅಚ್ಚು ಹಾಕಿಸಿದ್ದರು. ಹುರುಪಿನಿಂದ ಹಾಡಿ, ಆದರೆ ಪಕ್ಕದವರನ್ನು ಮುಳುಗಿಸುವಂತೆ ಕಿರುಚಬೇಡಿ ಎಂಬ ಅರ್ಥದ್ದು. ಎಕೋ ಮಷೀನು ಬಂದ ಮೇಲೆ ಆ ಸೂಚನೆಯನ್ನು ಪಾಲಿಸುವವರು ಅವರ ಹೆಸರಿನ ಸಭೆಗಳಲ್ಲೂ ಕಡಿಮೆ.

ಸೇಡಂ ಸೀಮೆಯಲ್ಲಿ ವಾದ್ಯ ನಿಲ್ಲಿಸುವುದಕ್ಕೆ ಯಾವ ಪಾದ್ರಿಯೂ ಬೇಕಿಲ್ಲ. ಕೊಡ್ಲಿಯಲ್ಲಿ ಹನ್ನೆರಡರ ಹೊತ್ತಿಗೆ ಕರೆಂಟ್ ಹೋಯಿತು. ಕ್ಯಾಸಿಯೊ ನಿಂತಿತು, ಮೈಕು ಸತ್ತಿತು, ತಗಡಿನ ಕೆಳಗೆ ಸೆಖೆ ಇಳಿಯಿತು. ಒಂದು ಗಳಿಗೆ ಮಕ್ಕಳ ಗಲಾಟೆ ಬಿಟ್ಟರೆ ಏನೂ ಇಲ್ಲ. ಆಮೇಲೆ ನನ್ನ ಪಕ್ಕದ ಮುದುಕಿ ಕುಳಿತಲ್ಲೇ ಚಪ್ಪಾಳೆ ಹಾಕುತ್ತ ಒಂದು ಹಾಡು ಎತ್ತಿಕೊಂಡಳು. ಹಿಂದಿನಿಂದ ಯಾರೋ ದಮ್ಮಡಿ ತಂದರು. ಇಡೀ ಸಭೆಗೆ ಆ ಹಾಡು ಬಾಯಿಪಾಠ ಇತ್ತು. ಹೆಂಗಸರು ಒಂದು ಸಾಲು, ಗಂಡಸರು ಒಂದು ಸಾಲು. ಇದೋ ಬಂತು ನಮ್ಮ ಮಣ್ಣಿನ ಹಾಡು ಎಂದು ನಾನು ಮನಸ್ಸಿನಲ್ಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಎರಡನೆಯ ಚರಣದಲ್ಲಿ ಕಿವಿ ಎಚ್ಚರವಾಯಿತು. ಕ್ರಿಯಾಪದ ಕನ್ನಡದ್ದು, ಉಳಿದದ್ದು ತೆಲುಗು. ಧಾರೂರು ಜಾತ್ರೆಯಲ್ಲಿ ಅವಳ ಅತ್ತೆ ಕಲಿತು ಬಂದದ್ದಂತೆ, ಆಮೇಲೆ ಕೇಳಿ ತಿಳಿದೆ. ಆದರೆ ಮೂರು ತಲೆಮಾರು ಬಾಯಿಂದ ಬಾಯಿಗೆ ಬಂದು ಆ ಹಾಡಿನ ಮೂಲೆಗಳೆಲ್ಲ ಸವೆದಿದ್ದವು. ದೀರ್ಘ ಬೇಕಾದಲ್ಲಿ ಯಾರೋ ಬೇರೆ ಪದ ಇಟ್ಟಿದ್ದರು, ಹೆಚ್ಚಾದ ಅಕ್ಷರ ಯಾರೋ ನುಂಗಿದ್ದರು. ‘ಇರುವನು’ ಎಂಬುದು ‘ಅದಾನ’ ಆಗಿತ್ತು. ಟ್ರ್ಯಾಕು ಇರಲಿಲ್ಲವಾದ್ದರಿಂದ ಹಾಡೇ ಬಾಯಿಗೆ ಬಗ್ಗಿತ್ತು.

ಕ್ಯಾಸಿಯೊ ಹುಡುಗ ಸುಮ್ಮನೆ ಕೂತು ಕೇಳುತ್ತಿದ್ದ. ಬೆರಳು ಸತ್ತ ಕೀಗಳ ಮೇಲೆ ಆಡುತ್ತಿತ್ತು, ಶ್ರುತಿ ಹುಡುಕುತ್ತಿದ್ದನೇನೋ. ಮುದುಕಿ ಮೂರನೆಯ ಚರಣಕ್ಕೆ ಬಂದಳು. ಅಷ್ಟರಲ್ಲಿ ಫ್ಯಾನು ತಿರುಗಿತು, ಸ್ಪೀಕರ್ ಒಮ್ಮೆ ಗುಡುಗಿತು, ಹುಡುಗ ಮೊಬೈಲ್ ಎತ್ತಿಕೊಂಡು ಟ್ರ್ಯಾಕನ್ನು ಮೊದಲಿಂದ ಹಚ್ಚಿದ.